ಉಚ್ಚಂಗಮ್ಮನ ಸಿಂಬೆ

ಪಿ.ಟಿ. ಮೇಷ್ಟ್ರು ಹನುಮೇಶನ ಗಂಟಲಿಗೆ ಮೈಕು ಬೇಕಿರಲಿಲ್ಲ. ಹೊಳಲ್ಕೆರೆಯ ಹೈಸ್ಕೂಲಿನ ಮೈದಾನದಲ್ಲಿ ಇಪ್ಪತ್ತೆರಡು ವರ್ಷ ಕೂಗಿ ಪಳಗಿದ ಗಂಟಲು ಅದು. ಅವನು ‘ಸಾವಧಾನ್’ ಎಂದರೆ ಕಾಂಪೌಂಡಿನಾಚೆ ಶಿವಮೊಗ್ಗದ ಬಸ್ಸಿಗೆ ಕಾಯುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಅಂಥವನು ಈ ಸಲದ ಯೋಗ ದಿನದಂದು ನಾನೂರು ಮಕ್ಕಳ ಮುಂದೆ, ಭಾಷಣದ ನಡುವೆ, ಮಾತು ಬಾರದೆ ನಿಂತುಬಿಟ್ಟ.

ಭಾಷಣವೇನೂ ಹೊಸದಲ್ಲ. ‘ನಿಯಮಿತ ವ್ಯಾಯಾಮದ ಪ್ರಯೋಜನಗಳು’ ಎಂಬ ಆ ಮಾತುಗಳನ್ನು ಅವನು ಪ್ರತಿ ವರ್ಷವೂ ಆಡುತ್ತಿದ್ದ, ಮಕ್ಕಳು ಪ್ರತಿ ವರ್ಷವೂ ಆಕಳಿಸುತ್ತಿದ್ದರು. ಹೃದಯ ಗಟ್ಟಿಯಾಗುತ್ತದೆ, ಸಕ್ಕರೆ ಹಿಡಿತದಲ್ಲಿರುತ್ತದೆ, ಬಿ.ಪಿ. ಇಳಿಯುತ್ತದೆ, ಮೂಳೆ ಸವೆಯುವುದಿಲ್ಲ, ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಕೊನೆಗೆ ಒಂದು ಮಾತು: "ನಿಮ್ಮ ಮನೇಲಿ ಅಜ್ಜ ಅಜ್ಜಿ ಇದ್ದರೆ ಪ್ರೀತಿ ಮಾಡ್ತೀವಿ ಅಂತ ಒಂದೇ ಕಡೆ ಕೂರಿಸಬೇಡಿ ಮಕ್ಕಳೇ, ಅವರನ್ನ…" ಇಲ್ಲಿಗೆ ಬಂದಾಗ ಮಾತು ನಿಂತಿತು. ‘ನಡೆಸಿ’ ಎನ್ನಬೇಕಿತ್ತು. ಆ ಬೆಳಿಗ್ಗೆ ಏಳು ಗಂಟೆಗೆ ಅವನೂ ಅವನ ಹೆಂಡತಿ ಶಾಂತಿಯೂ ಅವನ ತಾಯಿಯನ್ನು ಎರಡು ರಟ್ಟೆ ಹಿಡಿದು ಕುರ್ಚಿಯಿಂದ ಎಬ್ಬಿಸಿದ್ದರು. ಎಬ್ಬಿಸುವಾಗ ತಾಯಿ ‘ಕ್ಷಮಿಸ್ರಪ್ಪ’ ಎಂದಿದ್ದಳು. ಹೆತ್ತ ತಾಯಿ, ತನ್ನ ಮನೆಯಲ್ಲಿ ಕುರ್ಚಿಯಿಂದ ಏಳುವುದಕ್ಕೆ ಕ್ಷಮೆ ಕೇಳಿದ್ದಳು.

ಮಕ್ಕಳು ಭಾಷಣ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರ್ ಪ್ರಸನ್ನಕುಮಾರ್ "ಈ ಸಲ ಚುಟುಕಾಗಿ ಚೆನ್ನಾಗಿತ್ತು" ಎಂದು ಬೆನ್ನು ತಟ್ಟಿದರು. ಹನುಮೇಶನಿಗೆ ಆ ಕೈ ಬೆನ್ನ ಮೇಲೆ ಬೇಡವಾಗಿತ್ತು.

ಅವನ ತಾಯಿ ಉಚ್ಚಂಗಮ್ಮ ಹೀಗೆ ಕೂರುವ ಹೆಂಗಸಾಗಿರಲಿಲ್ಲ. ಮದಕರಿಪುರದವಳು. ಗಂಡ ಸಣ್ಣಪ್ಪ ಹೊಟ್ಟೆನೋವೆಂದು ಮಲಗಿದವನು ಏಳದೆ ಹೋದಾಗ ಹನುಮೇಶನಿಗೆ ಆರು ವರ್ಷ. ಆ ತಿಂಗಳೇ ಅವಳು ಬಿದಿರಿನ ಪುಟ್ಟಿ ತಲೆಗೇರಿಸಿದಳು. ಬೆಳಕು ಹರಿಯುವ ಮುಂಚೆ ಊರಿನ ಬಾವಿ ತೋಟಗಳಲ್ಲಿ ಸೊಪ್ಪು ಕೊಯ್ದು ಕಟ್ಟು ಕಟ್ಟಿ, ಹಳೇ ಸೀರೆಯ ಸೆರಗನ್ನು ಸುರುಳಿ ಸುತ್ತಿ ಸಿಂಬೆ ಮಾಡಿ ನೆತ್ತಿಯ ಮೇಲಿಟ್ಟು, ಅದರ ಮೇಲೆ ಪುಟ್ಟಿ ಹೊತ್ತು ದುರ್ಗಕ್ಕೆ ನಡೆಯುತ್ತಿದ್ದಳು. ಬೀದಿ ಬೀದಿ ತಿರುಗಿ, ಪುಟ್ಟಿ ಬರಿದಾದ ಮೇಲೆ ನಡೆದೇ ಮರಳುತ್ತಿದ್ದಳು. "ಸೊಪ್ಪಾ ಸೊಪ್ಪೂ… ದಂಟು, ಮೆಂತೇ, ಸಬ್ಬಸ್ಗೀ…" ಎಂದು ಅವಳು ರಾಗ ಎಳೆದರೆ ಮೂರು ಬೀದಿಯಾಚೆ ಒಲೆ ಮುಂದಿದ್ದವರಿಗೂ ಕೇಳಿಸುತ್ತಿತ್ತು. ಮಗನಿಗೆ ಮೈದಾನದ ಗಂಟಲು ಬಂದದ್ದು ಯಾವ ತರಬೇತಿಯಿಂದಲೂ ಅಲ್ಲ.

ಹಾಗೆ ನಲವತ್ತು ವರ್ಷ ನಡೆದಳು. ಆ ಕಾಲುಗಳೇ ಹನುಮೇಶನನ್ನು ಓದಿಸಿದವು. ಅವಳಿಗೆ ಅರವತ್ತೆಂಟಾದಾಗ ಅವಳು ಸೊಪ್ಪು ಮಾರುವ ಬಡಾವಣೆಯೊಂದರಲ್ಲಿ ಉಚಿತ ಆರೋಗ್ಯ ತಪಾಸಣೆ ನಡೆಯಿತು. ಡಾಕ್ಟರು ಬಿ.ಪಿ. ಪಟ್ಟಿ ಎರಡು ಸಲ ಕಟ್ಟಿ, ಸಕ್ಕರೆ ನೋಡಿ, "ನನಗಿಂತ ನೀವೇ ಚೆನ್ನಾಗಿದೀರಲ್ಲಜ್ಜಿ, ಏನು ತಿಂತೀರಿ?" ಎಂದು ಕೇಳಿದ್ದರು. ಅವಳು "ಮುದ್ದಿ, ಸೊಪ್ಪಿನ ಸಾರು. ಉಳಿದದ್ದು ಬೈಗಳ" ಎಂದು ಎಲ್ಲರನ್ನೂ ನಗಿಸಿದ್ದಳು. ಮಗ ದುರ್ಗದಲ್ಲಿ ಮನೆ ಕಟ್ಟಿಸಿ ಅವಳನ್ನು ಕರೆತಂದ ಮೇಲೂ ಪುಟ್ಟಿ ಬಿಡಲಿಲ್ಲ. ಊರಿಂದ ಬರುವ ಆಟೋದಲ್ಲಿ ಸೊಪ್ಪು ತರಿಸಿಕೊಂಡು ಬೀದಿ ತಿರುಗುತ್ತಲೇ ಇದ್ದಳು. ಹನುಮೇಶನಿಗೆ ಅದು ಒಳಗೊಳಗೇ ಕಿರಿಕಿರಿ. ಆದರೆ ಬೇಡವೆನ್ನುವುದಕ್ಕೆ ಒಂದು ನೆವ ಬೇಕಿತ್ತು.

ನೆವ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಒಂದು ಭಾನುವಾರ.

ಪ್ರಸನ್ನಕುಮಾರ್ ಆಗಷ್ಟೇ ಹೆಡ್‌ಮಾಸ್ಟರಾಗಿ ವರ್ಗವಾಗಿ ಬಂದು, ದುರ್ಗದಲ್ಲೇ, ಹನುಮೇಶನ ಮನೆಯಿಂದ ಎರಡು ಬೀದಿಯಾಚೆ ಮನೆ ಮಾಡಿದ್ದರು. ತಾಲ್ಲೂಕು ಕ್ರೀಡಾಕೂಟದ ವಿಷಯ ಮಾತಾಡಲು ಹನುಮೇಶ ಇಸ್ತ್ರಿ ಅಂಗಿ ತೊಟ್ಟು ಅವರ ಮನೆಗೆ ಹೋದ. ಗೇಟಿನ ಮುಂದೆ ಹೆಡ್‌ಮಾಸ್ಟರ ಹೆಂಡತಿ ಅನುಸೂಯ ಸೊಪ್ಪು ಆರಿಸುತ್ತಿದ್ದರು. ಪುಟ್ಟಿಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದವಳು ಅವನ ತಾಯಿ. ಮಗನನ್ನು ಕಂಡು ಅವಳ ಮುಖ ಅರಳಿತು.

"ಏನಪ್ಪ, ಉಂಡ್ಯಾ?" ಎಂದಳು.

ಅನುಸೂಯ ತಲೆಯೆತ್ತಿ, "ನಿಮಗೆ ಈ ಅಜ್ಜಿ ಪರಿಚಯಾನಾ ಮೇಷ್ಟ್ರೆ?" ಎಂದರು.

"ಹೂಂ ಮೇಡಂ, ನಮ್ಮೂರೋರು" ಎಂದ ಹನುಮೇಶ.

ಸುಳ್ಳೇನಲ್ಲ ನೋಡಿ. ಮದಕರಿಪುರದವಳೇ ತಾನೆ? ಆಮೇಲೆ ಎಷ್ಟೋ ಸಲ ಅವನು ಹೀಗೆ ತನಗೆ ತಾನೇ ವಕಾಲತ್ತು ಹಾಕಿಕೊಂಡಿದ್ದಾನೆ. ಅವನು ಆ ಮಾತನ್ನಾಡುವ ಹೊತ್ತಿಗೆ ನೀರಿನ ಟ್ಯಾಂಕರೊಂದು ಗಡಗಡ ಎನ್ನುತ್ತ ಹಾದುಹೋಯಿತು. ತಾಯಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವಳು ಉಳಿದ ಕಟ್ಟುಗಳನ್ನು ಜೋಡಿಸಿ, ನೀರು ಚಿಮುಕಿಸಿ, ಸಿಂಬೆ ಸರಿಮಾಡಿಕೊಂಡು "ಒಂಚೂರು ಕೈ ಹಚ್ರಿ" ಎಂದಳು. ತುಂಬಿದ ಪುಟ್ಟಿ ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಹತ್ತಿರ ನಿಂತವರು ಯಾರೇ ಆಗಲಿ ಒಂದು ಕೈ ಕೊಡಬೇಕು. ಹನುಮೇಶ ಪುಟ್ಟಿ ಎತ್ತಿ ತಲೆಯ ಮೇಲಿಟ್ಟ. ಅವಳು ಹಿಂತಿರುಗಿ ನೋಡದೆ ರಾಗ ಎಳೆಯುತ್ತ ಬೀದಿಯ ತಿರುವು ದಾಟಿದಳು.

ಅವತ್ತು ಸಂಜೆ ಅವನು ತಾಯಿಯ ಮುಂದೆ ಕೂತು ಹೇಳಿದ: "ನಾಳೆಯಿಂದ ಪುಟ್ಟಿ ಹೊರಬ್ಯಾಡ ಅವ್ವ. ಎಪ್ಪತ್ತು ವರ್ಷ ಆತು. ದುಡಿದದ್ದು ಸಾಕು. ಇನ್ನು ಆರಾಮಾಗಿ ಕುಂತು ಉಣ್ಣು. ನಾನಿಲ್ವಾ?"

ಅವಳು ಜಗಳ ಮಾಡುತ್ತಾಳೆಂದು ಮೂರು ನಾಲ್ಕು ವಾದಗಳನ್ನು ಬಸ್ಸಿನ ಸೀಟು ಹಿಡಿದಂತೆ ಮೊದಲೇ ಹಿಡಿದಿಟ್ಟುಕೊಂಡಿದ್ದ. ಒಂದೂ ಬೇಕಾಗಲಿಲ್ಲ. ಅವಳು ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಆತು ಬಿಡು" ಎಂದಳು. ಅಷ್ಟೇ. ಪುಟ್ಟಿ ಬಚ್ಚಲಮನೆಯ ಮೇಲಿನ ಅಟ್ಟ ಸೇರಿತು. ಮುಂದಿನ ವಾರ ಹನುಮೇಶ ಕೈಯಿಟ್ಟುಕೊಳ್ಳುವಂಥ ದೊಡ್ಡ ಕುರ್ಚಿಯೊಂದನ್ನು ತಂದು ಟಿ.ವಿ. ಮುಂದೆ ಹಾಕಿದ.

ನೆಂಟರಿಷ್ಟರು ಬಂದವರೆಲ್ಲ ಕುರ್ಚಿ ನೋಡಿ ತಲೆದೂಗಿದರು. "ಮಗ ಅಂದ್ರೆ ಹಿಂಗಿರಬೇಕು. ತಾಯೀನ ರಾಣಿ ಕುಂದ್ರಿಸಿದಂಗೆ ಕುಂದ್ರಿಸ್ಯಾನೆ" ಎಂದರು. ಸೊಸೆ ಸೊಪ್ಪು ಸೋಸಲು ಕೊಟ್ಟರೂ ಅವನು "ಅವ್ವನ ಕೈಲಿ ಕೆಲಸ ಮಾಡಿಸಬ್ಯಾಡ" ಎಂದು ಗದರುತ್ತಿದ್ದ. ಹೊಗಳಿಕೆ ಕೇಳುವಾಗೆಲ್ಲ ಅವನಿಗೆ ಆ ಗೇಟು, ಆ ಟ್ಯಾಂಕರು ನೆನಪಾಗುತ್ತಿತ್ತು. ಅವ್ವನಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಹೊಗಳಿಕೆಯನ್ನು ನುಂಗಿಕೊಳ್ಳುತ್ತಿದ್ದ.

ಕೂತ ಉಚ್ಚಂಗಮ್ಮ ಕೂತೇ ಇದ್ದಳು. ಮೊದಲ ವರ್ಷ ಮೈ ತುಂಬಿಕೊಂಡಿತು, ನೋಡಿದವರು ಕಳೆ ಬಂದಿದೆ ಎಂದರು. ಆಮೇಲೆ ಪಾದ ಊದಿತು. ಸಕ್ಕರೆ ಬಂತು, ಅದರ ಹಿಂದೆಯೇ ಬಿ.ಪಿ. ಬಂತು. ಮಂಡಿ ಹಿಡಿದುಕೊಂಡಿತು. ಮಲಗಿದರೆ ನಿದ್ದೆಯಿಲ್ಲ, ಕೂತರೆ ತೂಕಡಿಕೆ. ಈ ಬೇಸಿಗೆ ರಜೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅದೊಂದು ಪುಣ್ಯ. ಆದರೆ ಕಾಲುಗಳು ಅವಳನ್ನು ಹೊರುವುದನ್ನು ಮರೆತಂತಾಗಿತ್ತು.

ಡಾಕ್ಟರು ತೊಡೆ ಮುಟ್ಟಿ ನೋಡಿದರು. "ವಯಸ್ಸಾಯ್ತಲ್ಲ ಸಾರ್" ಎಂದು ಹನುಮೇಶನೇ ಮಾತು ತೆಗೆದ.

"ಇದು ವಯಸ್ಸಿಂದ ಆಗಿದ್ದಲ್ಲ" ಎಂದರು ಡಾಕ್ಟರು. "ಕೂತು ಆಗಿದ್ದು. ತೊಡೆ ಸ್ನಾಯು ಪೂರ್ತಿ ಸೊರಗಿದೆ. ಈಗ ಎಬ್ಬಿಸಿ ನಡೆಸಿದರೆ ಸರಿಹೋಗ್ತಾರೆ. ಇಲ್ಲ ಅಂದ್ರೆ ಈ ವರ್ಷ ಮುಗಿಯೋದರೊಳಗೆ ಹಾಸಿಗೆ ಹಿಡೀತಾರೆ. ಹಿಡಿದರೆ ಮತ್ತೆ ಏಳೋದು ಕಷ್ಟ."

ವ್ಯಾಯಾಮದ ಪ್ರಯೋಜನಗಳನ್ನು ಬಾಯಿಪಾಠ ಹೇಳುವ ಮೇಷ್ಟ್ರು ಆ ಮಾತನ್ನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವನಿಗೆ ಗೊತ್ತಿಲ್ಲದ ವಿಷಯವೇನಾಗಿತ್ತು ಅದರಲ್ಲಿ? ಬೇರೆಯವರ ಮಕ್ಕಳಿಗೆಲ್ಲ ಹೇಳಿದ್ದನ್ನು ಅವನು ತನ್ನ ಮನೆಯ ಹೊಸ್ತಿಲೊಳಗೆ ತಂದಿರಲಿಲ್ಲ.

ಫಿಸಿಯೋಥೆರಪಿ ಮಾಡುವ ಹುಡುಗಿಯ ಹೆಸರು ಮಾನಸ. ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಮಾತು. ಮೊದಲ ದಿನ ಫಾರಂ ತುಂಬುತ್ತ ಕೇಳಿದಳು: "ಅಜ್ಜಿ ಮೊದಲು ಏನು ಕೆಲಸ ಮಾಡ್ತಿದ್ರು ಸರ್?"

ಪಕ್ಕದ ಬೆಂಚಿನಲ್ಲಿ ನಾಲ್ಕಾರು ಜನ ಕೂತಿದ್ದರು. ಅವರಲ್ಲೊಬ್ಬ ಅವನ ಶಾಲೆಯ ಹಳೆಯ ವಿದ್ಯಾರ್ಥಿಯ ತಂದೆ.

"ಮನೇಲೇ ಇದ್ರು" ಎಂದ ಹನುಮೇಶ.

ಈ ಸಲ ಟ್ಯಾಂಕರು ಇರಲಿಲ್ಲ. ಉಚ್ಚಂಗಮ್ಮ ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರವನ್ನು ನೋಡುತ್ತ ಕೂತಿದ್ದಳು. ಮಾನಸ ‘ಗೃಹಿಣಿ’ ಎಂದು ಬರೆದುಕೊಂಡಳು. ಮನೆಯಲ್ಲೇ ಇದ್ದ ಅಜ್ಜಿಗೆ ಏನೇನು ಹೇಳಬೇಕೋ ಅದನ್ನೆಲ್ಲ ಹೇಳಿಕೊಟ್ಟಳು. ಕುರ್ಚಿಯಲ್ಲಿ ಕೂತು ಕಾಲು ಚಾಚುವುದು, ವಾಕರ್ ಹಿಡಿದು ಹಾಲಿನಲ್ಲಿ ಹತ್ತು ಸುತ್ತು, ಆಮೇಲೆ ಪಾರ್ಕು.

ಆರು ವಾರವಾದರೂ ಏನೂ ಹತ್ತಲಿಲ್ಲ. ವಾಕರ್ ಹಿಡಿದರೆ ಉಚ್ಚಂಗಮ್ಮ ಮುಂದಕ್ಕೆ ಬಾಗಿ ನೆಲವನ್ನೇ ನೋಡುತ್ತ ನಾಲ್ಕು ಹೆಜ್ಜೆಗೆ ತೂರಾಡುತ್ತಿದ್ದಳು. ಒಂದು ಸಂಜೆ ಆಟೋದಲ್ಲಿ ಪಾರ್ಕಿಗೆ ಕರೆದೊಯ್ದರೆ, ಬೆಂಚಿನಲ್ಲಿ ಕೂತು ಸುತ್ತು ಹೊಡೆಯುತ್ತಿದ್ದವರನ್ನೇ ಬಹಳ ಹೊತ್ತು ನೋಡಿದಳು.

"ಇವ್ರೆಲ್ಲ ಎಲ್ಲಿಗೋಗ್ತಾರಪ್ಪ?"

"ಎಲ್ಲಿಗೂ ಇಲ್ಲ ಅವ್ವ. ವಾಕಿಂಗು. ಆರೋಗ್ಯಕ್ಕೆ ಒಳ್ಳೇದು."

"ಹೋದಲ್ಲಿಗೇ ತಿರುಗಾ ಬರ್ತಾರಲ್ಲೋ. ಆ ಕೆಂಪು ಸೀರೆಯಾಕಿ ನಾಕನೇ ಸಲ ಬಂದ್ಲು. ಏನಾರ ಕಳಕಂಡಾಳಾ?"

ಹನುಮೇಶ ಹೃದಯ, ಸಕ್ಕರೆ, ಮೂಳೆ, ನಿದ್ದೆ ಎಂದು ಭಾಷಣ ಶುರುಮಾಡಿದ. ಅವಳು ಪೂರ್ತಿ ಕೇಳಿ, "ಎಲ್ಲಾ ಸರಿ ಐತಪ್ಪ. ನನಗೆ ಹೋಗಾಕೆ ಯಾರ ಮನಿ ಐತೆ?" ಎಂದಳು. ಅವನಿಗೆ ಉತ್ತರ ಗೊತ್ತಿತ್ತು. ನೂರು ಮನೆಗಳಿದ್ದವು, ಬಾಗಿಲು ತೆರೆದು ಕಾಯುತ್ತಿದ್ದ ಮನೆಗಳು. ಅವುಗಳ ದಾರಿಗೆ ಅಡ್ಡ ನಿಂತವನು ಅವನೇ.

ಹೀಗಿರುವಾಗ ಬಂದದ್ದು ಆ ಯೋಗ ದಿನ, ಆ ಭಾಷಣ. ಅವತ್ತು ಶಾಲೆ ಬೇಗ ಬಿಟ್ಟಿತು. ಮಧ್ಯಾಹ್ನ ಎರಡಕ್ಕೇ ದುರ್ಗದಲ್ಲಿ ಬಸ್ಸಿಳಿದು ಮನೆಗೆ ಬಂದ ಹನುಮೇಶ, ಚಪ್ಪಲಿ ಬಿಡುವಾಗ ಕಿಟಕಿಯೊಳಗೆ ಕಣ್ಣು ಹಾಯಿಸಿ ಅಲ್ಲೇ ನಿಂತ.

ಶಾಂತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು. ಹಾಲಿನಲ್ಲಿ ಅವ್ವ ನಿಂತಿದ್ದಳು. ವಾಕರ್ ಮೂಲೆಯಲ್ಲಿತ್ತು. ಮುಖ ಒರೆಸುವ ಟವೆಲನ್ನು ಸುರುಳಿ ಸುತ್ತಿ ನೆತ್ತಿಯ ಮೇಲಿಟ್ಟುಕೊಂಡು, ಅದರ ಮೇಲೆ ಅಕ್ಕಿ ತೊಳೆಯುವ ಸ್ಟೀಲ್ ಬೋಗುಣಿ ಇಟ್ಟಿದ್ದಳು. ಬೋಗುಣಿ ಖಾಲಿ. ಬೆನ್ನು ನೆಟ್ಟಗಿತ್ತು. ಗದ್ದ ಮೇಲಿತ್ತು, ಕಣ್ಣು ನೆಲ ಬಿಟ್ಟು ಎದುರಿನ ಗೋಡೆಯ ಮೇಲಿತ್ತು. ಹಾಗೇ ಟಿ.ವಿ.ಯಿಂದ ಅಡುಗೆಮನೆಯ ಬಾಗಿಲಿಗೆ ಆರು ಹೆಜ್ಜೆ ನಡೆದಳು. ತೂರಾಡಲಿಲ್ಲ. ಬಾಗಿಲಲ್ಲಿ ನಿಂತು, ಉಸಿರು ತಗೊಂಡು, ತಿರುಗಿದಳು. ತಿರುಗಿದವಳು ಕಿಟಕಿಯಲ್ಲಿ ಮಗನನ್ನು ಕಂಡಳು.

ತಕ್ಷಣ ಬೋಗುಣಿ ಇಳಿಸಿ, ಟವೆಲ್ ಬಿಚ್ಚಿ, ಕದ್ದು ಸಿಕ್ಕವಳ ಹಾಗೆ ಗೋಡೆ ಹಿಡಿದಳು. "ಏನಿಲ್ಲಪ್ಪ, ಸುಮ್ನೆ" ಎಂದಳು. "ಬೈಬ್ಯಾಡ. ಇನ್ನೊಂದ್ಸಲ ಮಾಡಲ್ಲ."

ಹನುಮೇಶನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಕಾಲ ಮೇಲೆ ತಾನು ನಡೆದದ್ದಕ್ಕೆ ಮಗ ಬೈಯುತ್ತಾನೆಂದು ಹೆದರುವ ಹಾಗೆ ಅವಳನ್ನು ಮಾಡಿಟ್ಟಿದ್ದೇನೆ ಎಂದು ತಿಳಿದು ಕಣ್ಣು ತುಂಬಿತು. ಒಳಗೆ ಬಂದು ಅವಳನ್ನು ಕುರ್ಚಿಗೆ ಕೂರಿಸಲು ಕೈ ಚಾಚಿದ, ಮತ್ತೆ ಕೈ ಹಿಂದಕ್ಕೆಳೆದುಕೊಂಡ.

ಮರುದಿನ ರಜೆ ಹಾಕಿ ಒಬ್ಬನೇ ಮಾನಸಳ ಹತ್ತಿರ ಹೋದ. "ಫಾರಂನಲ್ಲಿ ಒಂದು ತಪ್ಪಾಗೈತೆ" ಎಂದು ಶುರುಮಾಡಿ, ಪುಟ್ಟಿ, ಸಿಂಬೆ, ನಲವತ್ತು ವರ್ಷದ ನಡಿಗೆ ಎಲ್ಲ ಹೇಳಿದ. ಬೋಗುಣಿಯ ವಿಷಯವನ್ನೂ ಹೇಳಿದ. ಹೆಡ್‌ಮಾಸ್ಟರ ಗೇಟಿನ ವಿಷಯ ನಾಲಿಗೆಯ ತುದಿಗೆ ಬಂದು ಒಳಗೆ ಹೋಯಿತು.

ಮಾನಸ ಪೆನ್ನು ಕೆಳಗಿಟ್ಟಳು. "ಇದನ್ನ ಮೊದಲ ದಿನಾನೇ ಹೇಳೋಕೆ ಏನಾಗಿತ್ತು ಸರ್ ನಿಮಗೆ? ಒಂದೂವರೆ ತಿಂಗಳು ನಾನು ಯಾರೋ ಬೇರೆ ಅಜ್ಜಿಗೆ ಚಿಕಿತ್ಸೆ ಕೊಟ್ಟೆ."

"ತಪ್ಪಾತು."

"ಅವರ ಮೈ ನಲವತ್ತು ವರ್ಷ ತಲೆ ಮೇಲೆ ಭಾರ ಇಟ್ಕೊಂಡೇ ತೂಕ ಹಿಡಿದಿದೆ. ಬಗ್ಗಿ ವಾಕರ್ ಹಿಡೀರಿ ಅಂದ್ರೆ ಬೀಳದೆ ಇನ್ನೇನು ಮಾಡ್ತಾರೆ? ಅಲ್ಲದೆ ಅವರು ಯಾವತ್ತೂ ಸುಮ್ಮನೆ ನಡೆದವರಲ್ಲ." ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. "ಮೊದಲ ವಾರ ಬರೀ ಸಿಂಬೆ. ಆಮೇಲೆ ಪುಟ್ಟಿ. ಭಾರ ಒಂದು ಕೆ.ಜಿ. ದಾಟಬಾರದು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಸುಸ್ತಾದರೆ ಕೂರೋಕೆ ಒಂದು ಸ್ಟೂಲು ಇರಲಿ. ಮಾತ್ರೆ ನಿಲ್ಲಿಸಬೇಡಿ."

"ಮನಿ ಒಳಗೇ ನಡೆಸಿದ್ರೆ ಆಗಲ್ವಾ ಮೇಡಂ?" ಎಂದ ಹನುಮೇಶ. ಕೇಳಿದ ಮೇಲೆ ತನ್ನ ಮಾತು ತನಗೇ ಅಸಹ್ಯವಾಯಿತು.

"ಅದನ್ನ ಅಜ್ಜೀನೇ ಕೇಳಿ" ಎಂದಳು ಮಾನಸ.

ಅಟ್ಟದಿಂದ ಪುಟ್ಟಿ ಇಳಿಸುವಾಗ ಶಾಂತಿ ಸ್ಟೂಲು ಹಿಡಿದು ನಿಂತಿದ್ದಳು. "ಅತ್ತೆ ಬಚ್ಚಲಿಗೆ ಹೋದಾಗೆಲ್ಲ ಅಟ್ಟದ ಕಡೆ ನೋಡ್ತಿದ್ರು ಕಣ್ರೀ" ಎಂದಳು. "ನಾನು ಹೇಳಿದ್ರೆ ನನ್ನ ಮೇಲೇ ರೇಗ್ತಿದ್ರಿ ನೀವು." ಪುಟ್ಟಿಯೊಳಗೆ ಸಿಂಬೆ ಸುತ್ತಿದ ಹಾಗೇ ಇತ್ತು. ನಡುವೆ ಒಣಗಿದ ಕರಿಬೇವಿನ ಎಲೆ ಸಿಕ್ಕಿಕೊಂಡಿತ್ತು. ಉಚ್ಚಂಗಮ್ಮ ಸಿಂಬೆಯನ್ನು ಕೈಗೆ ತಗೊಂಡು ಮೂಸಿ ನೋಡಿ, ಕೊಡವಿ, ಮತ್ತೆ ಹೊಸದಾಗಿ ಸುತ್ತಿದಳು. ಮಗನನ್ನು ನೋಡಿ "ಹೊರಗೆ ಹೋಗ್ಲಾ?" ಎಂದಳು.

"ಹೋಗಾಣ ಅವ್ವ" ಎಂದ ಅವನು.

ಹೋದರು, ಆದರೆ ಮೇಷ್ಟ್ರು ತನ್ನ ಜಾಣತನ ಬಿಟ್ಟಿರಲಿಲ್ಲ. ಬೆಳಿಗ್ಗೆ ಆರೂವರೆಗೆ, ಹಿಂದಿನ ಬೀದಿಯಲ್ಲಿ, ಪರಿಚಯದವರು ಕಡಿಮೆ ಇರುವ ಕಡೆಗೆ ಅವಳನ್ನು ನಡೆಸುತ್ತಿದ್ದ. ತಾನು ಪ್ಲಾಸ್ಟಿಕ್ ಸ್ಟೂಲು ಹಿಡಿದು ಪಕ್ಕದಲ್ಲಿರುತ್ತಿದ್ದ. ಎದುರಿಗೆ ಯಾರಾದರೂ ಗುರುತಿನವರು ಬಂದರೆ ಮೊಬೈಲು ನೋಡುವ ನೆವದಲ್ಲಿ ನಾಲ್ಕು ಹೆಜ್ಜೆ ಹಿಂದಾಗುತ್ತಿದ್ದ. ಹಾಗೆ ಹಿಂದಾದ ದಿನವೆಲ್ಲ ಬಸ್ಸಿನಲ್ಲಿ ಹೊಳಲ್ಕೆರೆಯವರೆಗೂ ತನ್ನನ್ನು ತಾನು ಬೈದುಕೊಳ್ಳುತ್ತಿದ್ದ. ಮರುದಿನ ಮತ್ತೆ ಹಿಂದಾಗುತ್ತಿದ್ದ.

ಉಚ್ಚಂಗಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಮೊದಲ ವಾರ ಗೇಟಿನವರೆಗೆ ನಡೆದಳು. ಎರಡನೇ ವಾರ ವಿದ್ಯುತ್ ಕಂಬದವರೆಗೆ. ಪುಟ್ಟಿಯಲ್ಲಿ ಹಿತ್ತಲ ಕರಿಬೇವಿನ ನಾಲ್ಕು ಕಟ್ಟು ಇಟ್ಟ ದಿನ ಬೀದಿಯ ತುದಿಯ ಮನೆಯವರೆಗೆ ಹೋಗಿ, ಎಲ್ಲವನ್ನೂ ಮಾರಿ, "ಬ್ಯಾಸರ ಆತು, ನಾಳೆ ಕೊತ್ತಂಬ್ರಿನೂ ತರ್ಸು" ಎಂದಳು. ಆಗಸ್ಟು ಕಳೆಯುವಷ್ಟರಲ್ಲಿ ಕುರ್ಚಿಯಿಂದ ತಾನೇ ಏಳತೊಡಗಿದಳು. ಪಾದದ ಬಾವು ಇಳಿಯಿತು. ಡಾಕ್ಟರು ಸಕ್ಕರೆಯ ರಿಪೋರ್ಟು ನೋಡಿ ಒಂದು ಮಾತ್ರೆ ಅರ್ಧ ಮಾಡಿದರು. ರಾತ್ರಿ ಒಂಬತ್ತಕ್ಕೆ ಮಲಗಿದರೆ ಕೋಳಿ ಕೂಗುವವರೆಗೆ ನಿದ್ದೆ. ಒಂದು ಮಾತ್ರ ಮರಳಿ ಬಂದಿರಲಿಲ್ಲ, ಅವಳ ಕೂಗು. ನಡೆಯಲು ಉಸಿರಿತ್ತು, ನಡೆಯುತ್ತ ಕೂಗಲು ಇರಲಿಲ್ಲ. ಬಾಗಿಲು ತಟ್ಟಿ ಮಾರುತ್ತಿದ್ದಳು. ಕೂಗಿಲ್ಲದ್ದು ಹನುಮೇಶನಿಗೆ ಒಳಗೊಳಗೇ ಅನುಕೂಲವೇ ಆಗಿತ್ತು. ಇದನ್ನು ಅವನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ, ಆದರೆ ನಿಜ ಅದೇ.

ದಸರಾ ರಜೆಯ ಮೊದಲ ಸೋಮವಾರ. ಬಿಸಿಲು ಬಿದ್ದಾಗಿತ್ತು, ರಜೆಯೆಂದು ತಡವಾಗಿ ಹೊರಟಿದ್ದರು. ಹಿಂದಿನ ಬೀದಿಯ ತುದಿಗೆ ಬಂದ ಉಚ್ಚಂಗಮ್ಮ ಎಂದಿನಂತೆ ಮನೆ ಕಡೆ ತಿರುಗಲಿಲ್ಲ. ಎಡಕ್ಕೆ ತಿರುಗಿದಳು.

"ಅವ್ವ, ಸಾಕು ಇವತ್ತಿಗೆ. ಸುಸ್ತಾಗುತ್ತೆ" ಎಂದ ಹನುಮೇಶ.

"ಎಲ್ಲೈತಪ್ಪ ಸುಸ್ತು?" ಎಂದು ಅವಳು ನಡೆದೇ ಹೋದಳು. ಅದು ಹೆಡ್‌ಮಾಸ್ಟರ ಬೀದಿ. ಹನುಮೇಶ ಸ್ಟೂಲು ಹಿಡಿದು ಹತ್ತು ಹೆಜ್ಜೆ ಹಿಂದೆ ಉಳಿದ.

ಅನುಸೂಯ ಗೇಟಿನ ಮುಂದೆ ರಂಗೋಲಿ ಹಾಕಿ ಕೈ ಕೊಡವುತ್ತಿದ್ದರು. "ಅಯ್ಯೋ ಸೊಪ್ಪಿನಜ್ಜಿ. ಎರಡು ವರ್ಷ ಆಯ್ತಲ್ಲ ಕಂಡು. ಎಲ್ಲಿಗೆ ಹೋಗಿಬಿಟ್ರಿ?"

"ಕುಂತಿದ್ನಮ್ಮ" ಎಂದಳು ಉಚ್ಚಂಗಮ್ಮ. ಅನುಸೂಯ ಕೈ ಕೊಟ್ಟು ಪುಟ್ಟಿ ಇಳಿಸಿದರು. ಹನುಮೇಶ ಸ್ಟೂಲು ತಂದು ಹಾಕದೆ ವಿಧಿಯಿರಲಿಲ್ಲ. ತಂದು ಹಾಕಿದ. ಅನುಸೂಯ ಅವನನ್ನು ನೋಡಿ ಬೆರಗಾದರು.

"ಮೇಷ್ಟ್ರೆ, ನೀವು? ಅಜ್ಜಿ ಜೊತೆ?"

ಅವನು ಬಾಯಿ ತೆರೆಯುವ ಮುಂಚೆಯೇ ಉಚ್ಚಂಗಮ್ಮ ಕೊತ್ತಂಬರಿಯ ಕಟ್ಟು ಬಿಡಿಸುತ್ತ, ತಲೆಯೆತ್ತದೆ ಹೇಳಿದಳು: "ನಮ್ಮೂರೋರಮ್ಮ. ಮುದುಕಿ ಬಿದ್ದುಗಿದ್ದೀತು ಅಂತ ಪಾಪ ಸ್ಟೂಲು ಹಿಡ್ಕಂಡು ಬಂದಾರೆ."

ಬೀದಿಯಲ್ಲಿ ಟ್ಯಾಂಕರು ಇರಲಿಲ್ಲ. ಯಾವ ಸದ್ದೂ ಇರಲಿಲ್ಲ. ಅಂದು ಅವಳಿಗೆ ಕೇಳಿಸಿತ್ತು. ಪ್ರತಿ ಅಕ್ಷರವೂ ಕೇಳಿಸಿತ್ತು. ಕೇಳಿಸಿಕೊಂಡೇ ‘ಕೈ ಹಚ್ರಿ’ ಎಂದಿದ್ದಳು, ಕೇಳಿಸಿಕೊಂಡೇ ‘ಆತು ಬಿಡು’ ಎಂದಿದ್ದಳು. ಮಗನಿಗೆ ಮುಜುಗರವಾಗಬಾರದೆಂದು ಎರಡು ವರ್ಷ ಕುರ್ಚಿಯಲ್ಲಿ ಕೂತು ತನ್ನ ಕಾಲುಗಳನ್ನು ಕಳೆದುಕೊಂಡಿದ್ದಳು. ಇವತ್ತೂ ಅವನ ಮಾನ ಕಾಯುವುದಕ್ಕೆ, ಅವನ ಸುಳ್ಳನ್ನೇ ಜೋಪಾನವಾಗಿಟ್ಟುಕೊಂಡು ತಂದು ಅವನಿಗೇ ಕೊಡುತ್ತಿದ್ದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಹನುಮೇಶನಿಗೆ ಹಗುರಾಗುತ್ತಿತ್ತು.

"ಇಲ್ಲ ಮೇಡಂ" ಎಂದ ಅವನು. ಮೈದಾನದ ಗಂಟಲು ಎಲ್ಲಿಗೆ ಹೋಗಿತ್ತೋ, ದನಿ ಪಿಸುಗುಟ್ಟಿದಂತಿತ್ತು. "ಇವರು ನನ್ನ ತಾಯಿ. ನಾನು ಇವರ ಮಗ."

ಅನುಸೂಯ ಇಬ್ಬರ ಮುಖವನ್ನೂ ನೋಡಿದರು. "ಮತ್ತೆ ಅವತ್ತು ನೀವು…"

"ಅವತ್ತು ನಾಚಿಕೆಯಾಗಿ ಹಂಗಂದೆ. ಅವತ್ತಿಂದ ಇವರನ್ನ ಮನೇಲಿ ಕೂರಿಸಿದೆ. ಕೂರಿಸಿದ್ದಕ್ಕೆ ಕಾಲು ಹೋದ್ವು. ಎಲ್ಲಾ ನನ್ನಿಂದಾನೇ ಆಗಿದ್ದು ಮೇಡಂ."

ಅನುಸೂಯ ಸೆರಗಿನಲ್ಲಿ ಕೈಯೊರೆಸಿಕೊಂಡರು. ಎರಡು ಕಟ್ಟು ಸೊಪ್ಪು ತೆಗೆದುಕೊಂಡು ಗೇಟಿನ ಒಳಗೆ ಸರಿದು ನಿಂತರು. ಉಚ್ಚಂಗಮ್ಮ ಉಳಿದ ಕೊತ್ತಂಬರಿ, ಕರಿಬೇವು, ಸಬ್ಬಸಿಗೆ ಕಟ್ಟುಗಳ ಮೇಲೆ ನೀರು ಚಿಮುಕಿಸಿ, ಸ್ಟೂಲಿನಿಂದ ತಾನೇ ಎದ್ದಳು. ಸಿಂಬೆ ನೆತ್ತಿಗಿಟ್ಟುಕೊಂಡಳು.

"ಕೈ ಹಚ್ಚು" ಎಂದಳು.

ಹನುಮೇಶ ಪುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟ. ಇಡುವಾಗ ಅವಳ ಮುಖ ಹತ್ತಿರವಾಯಿತು. "ಅವ್ವ, ಅವತ್ತೇ ಯಾಕೆ ಬೈಲಿಲ್ಲ ನನಗೆ?" ಎಂದು ಕೇಳಿದ. ಕಣ್ಣು ಮಂಜಾಗಿತ್ತು.

"ಬೀದಿಯಾಗೆ ಬೈದ್ರೆ ಮಗ ಅಂತ ಗೊತ್ತಾಗ್ತಿರ್ಲಿಲ್ವಾ?" ಎಂದಳು ಅವಳು. ಪುಟ್ಟಿ ಸರಿಯಾಗಿ ಕೂತಿತೋ ಎಂದು ತಲೆಯನ್ನು ಅತ್ತಿತ್ತ ಆಡಿಸಿ ನೋಡಿದಳು. "ಇನ್ನೂ ನಾಕು ಮನಿ ಅವೆ ಈ ಬೀದಿಯಾಗೆ. ಬಾಗ್ಲು ತಟ್ಟಿ ತಟ್ಟಿ ಸಾಕಾತು ನನಗೆ. ನೀನು ಕೂಗು."

"ನಾನಾ?"

"ನನಗೆ ಉಸಿರು ಸಾಲಲ್ಲ. ನೀನು ಮೈದಾನದಾಗೆ ದಿನಾ ಕೂಗ್ತೀಯಲ್ಲ. ಕೂಗು."

ಅವಳು ಕಾಯದೆ ನಡೆಯತೊಡಗಿದಳು, ಬೆನ್ನು ನೆಟ್ಟಗೆ ಮಾಡಿ. ಹನುಮೇಶ ಸ್ಟೂಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳ ಪಕ್ಕಕ್ಕೆ ಬಂದ. ಮೊದಲ ಸಲ ಬಾಯಿ ತೆರೆದಾಗ ಬರೀ ಗಾಳಿ ಬಂತು. ಅವಳು ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಎರಡನೇ ಸಲ ಅವನು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದ.

"ಸೊಪ್ಪಾ ಸೊಪ್ಪೂ… ಕೊತ್ತಂಬ್ರೀ, ಕರಿಬೇವೂ…"

ಮಹಡಿಯ ಮೇಲೆ ಹೆಡ್‌ಮಾಸ್ಟರ ಕೋಣೆಯ ಕಿಟಕಿ ತೆರೆದುಕೊಂಡಿತು. ಹನುಮೇಶ ಅದನ್ನು ನೋಡಿದ. ನೋಡಿಯೂ ಮತ್ತೊಂದು ಸಲ ಕೂಗಿದ.

"ಸಬ್ಬಸ್ಗಿ ಅನ್ನೋದು ಬಿಟ್ಯಲ್ಲೋ" ಎಂದಳು ಉಚ್ಚಂಗಮ್ಮ.